ಒಂದನೇ ನಂಬರಿನವಳು

ಸೋಮವಾರ ಬೆಳಗಿನ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ, ನನ್ನ ಫೋನಿಗೆ 'ಕಾಳಜಿ'ಯಿಂದ ಸಂದೇಶ ಬಂತು. 'ಅನ್ವಿತಾ ಜಂಬಗಿ, ಒಂಬತ್ತನೇ ತರಗತಿ. ಹಂತ: ಕೆಂಪು. ಗುರುವಾರ ಹನ್ನೊಂದು ಗಂಟೆಗೆ ಆರೈಕೆ ವಾಹನ ಬರಲಿದೆ. ಮಗುವನ್ನು ತೊಂಬತ್ತು ದಿನಗಳ ವಾಸ್ತವ್ಯಕ್ಕೆ ಸಿದ್ಧಗೊಳಿಸುವುದು.' ಅನ್ವಿತಾ ನನ್ನ ಎದುರಿಗೇ ಸಾಲಿನ ಮೊದಲಲ್ಲಿ ಕಣ್ಣು ಮುಚ್ಚಿ, ಕೈಮುಗಿದು ನಿಂತಿದ್ದಳು. ನಾನು ಸಂದೇಶದ ಕೆಳಗಿನ ಕಾರಣ ಓದಿದೆ. 'ಒಂದೇ ವ್ಯಕ್ತಿಯಲ್ಲಿ ಪರಸ್ಪರ ಸಂಬಂಧವಿಲ್ಲದ ಹಲವು ಮನಸ್ಸುಗಳ ಚಲನೆ. ತೀವ್ರ ಒಡಕು.' ಓದಿದ ಕೂಡಲೇ ನನಗೆ ಅರ್ಥವಾಯಿತು. ಒಡೆದದ್ದು ಆ ಹುಡುಗಿಯ ಮನಸ್ಸಲ್ಲ, ನನ್ನ ಕೆಲಸ.

ನಾನು ಹುಟ್ಟು ಹೆದರುಪುಕ್ಕಲಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರು ಸುಗಂಧಾ ಹಂಚಿನಾಳ. ಈ ಮಗ್ಗದ ಊರಿನ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಕಂಪ್ಯೂಟರ್ ಕಲಿಸುತ್ತಿದ್ದೇನೆ. ಮಕ್ಕಳ ಮನಸ್ಸಿನ ಮೇಲೆ ನಿಗಾ ಇಡುವ 'ಕಾಳಜಿ' ವ್ಯವಸ್ಥೆ ಬಂದು ಆರು ವರ್ಷವಾಯಿತು. ಎಂಟನೇ ತರಗತಿಗೆ ಬಂದ ಪ್ರತಿ ಮಗುವಿಗೂ ಒಂದು ಗುರುತು ಕೊಡುತ್ತಾರೆ. ಮುಖ ತೋರಿಸಿದರೆ ಯಂತ್ರ ತೆರೆದುಕೊಳ್ಳುತ್ತದೆ. ಮಗು ಏನು ಕೇಳಿತು, ಯಾವ ಅಕ್ಷರದ ಮುಂದೆ ತಡೆದು ನಿಂತಿತು, ಏನು ಬರೆದು ಅಳಿಸಿತು ಎಂಬುದನ್ನೆಲ್ಲ ಅದು ನೋಡುತ್ತದೆ. ಒಬ್ಬೊಬ್ಬರ ನಡಿಗೆ ಒಂದೊಂದು ತರಹ ಇರುವಂತೆ ಬೆರಳಿಗೂ ಅದರದೇ ನಡಿಗೆ ಇದೆ. ನಡಿಗೆ ತಪ್ಪಿದರೆ ಮನಸ್ಸು ತಪ್ಪುತ್ತಿದೆ ಎಂದು ಅದರ ಲೆಕ್ಕ. ಸಂಜೆಯಾದರೆ ಮನೆಗೆ ಕೊಟ್ಟಿರುವ ಪುಟ್ಟ ಪರದೆಯ ಫಲಕಕ್ಕೆ ಆಯಾ ಮಗುವಿಗೆ ತಕ್ಕ ನಾಲ್ಕು ಸಮಾಧಾನದ ಮಾತು ಕಳಿಸುತ್ತದೆ. ಅದಕ್ಕೆ 'ಸಂಜೆಮಾತು' ಎಂದು ಹೆಸರು. ಎಷ್ಟೋ ಮಕ್ಕಳು ಇದರಿಂದ ಉಳಿದಿದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆಂಪು ಬಂದು ಆರೈಕೆ ಕೇಂದ್ರಕ್ಕೆ ಹೋದ ಪಕ್ಕದ ಊರಿನ ಹುಡುಗ ವಾಪಸಾದ ಮೇಲೆ, ಊಟಕ್ಕೆ ಕೂರಲೂ ಅಪ್ಪಣೆ ಕೇಳುತ್ತಿದ್ದನಂತೆ.

ಇನ್ನು ನಮ್ಮ ಶಾಲೆಯ ಪದ್ಧತಿ. ಹಾಜರಿ ಪುಸ್ತಕದಲ್ಲಿ ಒಂದನೇ ನಂಬರು ಯಾರದೋ ಅವರೇ ತರಗತಿಯ ಬೀಗ ತೆಗೆಯಬೇಕು, ಅವರೇ ಚಾಕ್ ತರಬೇಕು, ಅವರೇ ನಕ್ಷೆ ನೇತು ಹಾಕಬೇಕು. ಯಾರು ಶುರು ಮಾಡಿದರೋ ಗೊತ್ತಿಲ್ಲ, ನನ್ನ ಅಪ್ಪ ಇಲ್ಲಿ ಓದುವಾಗಲೂ ಹಾಗೇ ಇತ್ತಂತೆ. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಹನ್ನೊಂದು ಯಂತ್ರ, ತರಗತಿಯಲ್ಲಿ ನಲವತ್ತೊಂದು ಮಕ್ಕಳು, ಪೀರಿಯಡ್ಡು ನಲವತ್ತು ನಿಮಿಷ. ಊರಿನಲ್ಲಿ ಕರೆಂಟು ಮೊದಲು ಮಗ್ಗಕ್ಕೆ, ಆಮೇಲೆ ಶಾಲೆಗೆ. ಒಂದು ಮುಖ ಗುರುತಿಸಲು ಯಂತ್ರಕ್ಕೆ ಮೂರು ನಿಮಿಷ ಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಎಂಟನೇ ತರಗತಿಯ ಎರಡನೇ ವಾರವೇ ನಾನು ಬೇಸತ್ತು, 'ಒಂದನೇ ನಂಬರ್, ಎಲ್ಲಾನೂ ತೆಗೀವಾ' ಎಂದುಬಿಟ್ಟೆ. ಬೀಗ ತೆಗೆಯುವಷ್ಟೇ ಸಹಜವಾಗಿ ಅನ್ವಿತಾ ಹನ್ನೊಂದು ಯಂತ್ರಗಳ ಮುಂದೆ ಮುಖ ತೋರಿಸಿ ಬಂದಳು. ಅಂದಿನಿಂದ ಹದಿನೇಳು ತಿಂಗಳು ನಲವತ್ತೊಂದು ಮಕ್ಕಳು ಕೇಳಿದ್ದೆಲ್ಲ ಅನ್ವಿತಾಳ ಹೆಸರಿನಲ್ಲೇ ಕೇಳಿದರು.

ಅದೇ ಕೋಣೆಯಲ್ಲಿ, ಅದೇ ಯಂತ್ರಗಳ ಮುಂದೆ ನಿಂತು ನಾನು 'ಜವಾಬ್ದಾರಿಯುತ ಬಳಕೆ' ಎಂಬ ಪಾಠ ಮಾಡಿದ್ದೇನೆ. ನಿಮ್ಮ ಗುರುತು ಹಲ್ಲುಜ್ಜುವ ಬ್ರಷ್ ಇದ್ದಂತೆ, ಅಣ್ಣತಮ್ಮಂದಿರಿಗೂ ಕೊಡಬಾರದು ಎಂದು ಮಕ್ಕಳಿಂದ ಮೂರು ಸಲ ಹೇಳಿಸಿದ್ದೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಇಷ್ಟೇ ಆಗಿದ್ದರೆ ಯಂತ್ರವೇ ಅನುಮಾನ ಪಡುತ್ತಿತ್ತು, ಇದು ಒಬ್ಬಳ ಬೆರಳಲ್ಲ ಎಂದು ತಾನೇ ಹೇಳುತ್ತಿತ್ತು. ಆದರೆ ಪ್ರತಿ ತಿಂಗಳ ಕೊನೆಯ ಕೆಲಸದ ದಿನ ಶಿಕ್ಷಕರು ಒಂದು ದೃಢೀಕರಣ ಕೊಡಬೇಕು: 'ಪ್ರತಿ ವಿದ್ಯಾರ್ಥಿಯೂ ತನ್ನ ಗುರುತಿನಿಂದಲೇ ಯಂತ್ರವನ್ನು ಬಳಸಿರುತ್ತಾನೆ.' ಅದರ ಮುಂದೆ ನಲವತ್ತೊಂದು ಟಿಕ್. ನಾನು ಒಂದು ತಿಂಗಳೂ ತಪ್ಪಿಸಿಲ್ಲ. ಅನ್ವಿತಾಳ ಗುರುತು ಬಳಸುತ್ತಿರುವುದು ಅವಳೊಬ್ಬಳೇ ಎಂದು ಶಿಕ್ಷಕಿಯೇ ಬರೆದುಕೊಟ್ಟ ಮೇಲೆ ಯಂತ್ರಕ್ಕೆ ಉಳಿದದ್ದು ಒಂದೇ ಅರ್ಥ.

ಹೆಡ್‌ಮಾಸ್ತರ ಕೋರಿಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಆ ದೃಢೀಕರಣದ ಕೆಳಗೆ ಅವರದೂ ಸಹಿ ಇತ್ತು. ಕೇಂದ್ರದಲ್ಲಿ ಊಟ ವಸತಿ ಚೆನ್ನಾಗಿಯೇ ಇರುತ್ತದೆ, ಹುಡುಗಿಗೆ ಏನೂ ಆಗುವುದಿಲ್ಲ, ಈಗ ಬಾಯಿ ಬಿಟ್ಟರೆ ಇಬ್ಬರೂ ಮನೆಗೆ ಹೋಗಬೇಕಾಗುತ್ತದೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಬಂತು. ಅರ್ಧ ನಿಮಿಷ ಅವರ ಮಾತು ಸರಿ ಅನ್ನಿಸಿತಲ್ಲ ಎಂದು ನನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು ಬಂತು.

ಸಂಜೆ ಜಂಬಗಿಯವರ ಮನೆಗೆ ಹೋದೆ. ಮುಂದಿನ ಅಂಕಣದಲ್ಲಿ ಎರಡು ಮಗ್ಗ, ಹಿಂದೆ ಅಡುಗೆಮನೆ. ಮಗ್ಗದ ಸದ್ದಿಗೆ ನಮ್ಮೂರಿನವರೆಲ್ಲ ಗಟ್ಟಿಯಾಗಿಯೇ ಮಾತಾಡುತ್ತಾರೆ, ಆದರೆ ಅಂದು ಆ ಮನೆಯ ಮಗ್ಗ ನಿಂತಿತ್ತು, ಎಲ್ಲರೂ ಪಿಸುಗುಡುತ್ತಿದ್ದರು. ಸಂದೇಶ ಅವರಿಗೂ ಬಂದಿತ್ತು. ಅಪ್ಪ ಬಚ್ಚಲಿನ ಒಳಚಿಲಕ ಕಿತ್ತು ಹಾಕಿದ್ದ. ತಾಯಿ ಸಾವಿತ್ರಿ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ, ಕೈ ನಿಲ್ಲಿಸದೆ, ಮಗಳ ಮೇಲೊಂದು ಕಣ್ಣಿಟ್ಟಿದ್ದಳು. ಅನ್ವಿತಾ ಗೋಡೆಗೆ ಒರಗಿ ಕೂತು ತನ್ನ ಹತ್ತು ಬೆರಳುಗಳನ್ನೇ ನೋಡುತ್ತಿದ್ದಳು. ಸಾವಿತ್ರಿ ನನ್ನನ್ನು ಬಾಗಿಲ ಹೊರಗೆ ಕರೆದು, ತನ್ನ ಮಗಳೊಳಗೆ ಬೇರೆ ಯಾರೋ ಇದ್ದಾರೆಂದು ಯಂತ್ರ ಹೇಳಿದೆಯಂತೆ, ಹೌದೇ ಎಂದು ಕೇಳಿದಳು.

"ಇಲ್ಲವ್ವಾ, ತಪ್ಪು ನಂದು. ಗುರುವಾರದೊಳಗ ಸರಿ ಮಾಡ್ತೀನಿ" ಎಂದೆ. ಹೇಗೆ ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಮಂಗಳವಾರ ಬಸ್ಸು ಹಿಡಿದು ಜಿಲ್ಲಾ ನಿಯಂತ್ರಣ ಕೊಠಡಿಗೆ ಹೋದೆ. ಅಲ್ಲೊಂದು ಗೋಡೆಯ ತುಂಬ ಪರದೆ, ಪರದೆಯ ತುಂಬ ಹಸಿರು ಚುಕ್ಕೆಗಳು. ಒಂದು ಚುಕ್ಕೆ ಒಂದು ಮಗು. ಅಲ್ಲಲ್ಲಿ ಹಳದಿ. ನಮ್ಮ ಊರಿನ ಮೇಲೆ ಒಂದೇ ಒಂದು ಕೆಂಪು ಚುಕ್ಕೆ. ಮೇಲ್ವಿಚಾರಕ ಇಮ್ತಿಯಾಜ್ ನದಾಫ್ ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವನು, ಮೇಜಿನ ಮೇಲೆ ಅರ್ಧ ತಿಂದ ಗಿರ್ಮಿಟ್ ಇತ್ತು. ನಾನು ಹೇಳಿದ್ದನ್ನು ಪೂರ್ತಿ ಕೇಳಿದ, ಬೈಯಲಿಲ್ಲ. ನನ್ನ ಮಾತನ್ನು ತಾನು ನಂಬಬಹುದು, ಆದರೆ ಯಂತ್ರ ನಂಬುವುದು ಬೆರಳನ್ನು ಮಾತ್ರ ಎಂದ. ಅನ್ವಿತಾಳ ಹೆಸರಿನಲ್ಲಿರುವ ಸಾವಿರಾರು ಸಾಲುಗಳಲ್ಲಿ ಅವಳನ್ನು ಕೆಂಪಿಗೆ ತಳ್ಳಿದ್ದು ಮೂವತ್ತೇಳು. ಒಂದೊಂದನ್ನು ಬರೆದವರು ಬಂದು, ತಮ್ಮ ಗುರುತಿನಲ್ಲಿ ಅದೇ ಸಾಲನ್ನು ಮತ್ತೆ ಬರೆಯಬೇಕು. ಬೆರಳಿನ ನಡಿಗೆ ತಾಳೆಯಾದರೆ ಆ ಸಾಲು ಅವಳ ಹೆಸರು ಬಿಟ್ಟು ಅವರ ಹೆಸರಿಗೆ ಹೋಗುತ್ತದೆ.

"ಆದ್ರ ಒಂದ್ ಮಾತು ರೀ ಮೇಡಮ್" ಎಂದ ಇಮ್ತಿಯಾಜ್. "ಹಿಂಗ ಮಾಡಿದ್ರ ನೀವು ಹಾಕಿದ ಟಿಕ್ಕೆಲ್ಲಾ ಸುಳ್ಳು ಅಂತ ದಾಖಲಾಗ್ತೈತಿ. ಅದನ್ನ ನಾ ತಡ್ಯಾಕ ಬರಂಗಿಲ್ಲ."

ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಮೂವತ್ತೇಳು ಸಾಲುಗಳ ಪ್ರತಿ ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ಓದುತ್ತ ಕೂತೆ. 'ಅಪ್ಪ ಹೊಡೆಯುವಾಗ ಅವ್ವನನ್ನು ಬಿಡಿಸುವುದು ಹೇಗೆ?' 'ಹಾವು ಕಚ್ಚಿದ ಮೇಲೆ ಎಷ್ಟು ಹೊತ್ತು ಎಚ್ಚರ ಇರುತ್ತದೆ?' 'ದೇವರು ಇಲ್ಲ ಅಂದರೆ ದೇವರಿಗೆ ಕೇಳಿಸುತ್ತದೆಯೇ?' 'ಎಡಗಡೆಯ ಎದೆ ಮಾತ್ರ ನೋಯುವುದು ಯಾಕೆ?' 'ಯಾರಿಗೂ ಇಷ್ಟವಾಗದವರು ಏನು ಮಾಡಬೇಕು?' ಹದಿನೇಳು ತಿಂಗಳು ಇವರ ಬೆನ್ನ ಹಿಂದೆ ಓಡಾಡಿದ್ದೇನೆ. ಕೋಷ್ಟಕದಲ್ಲಿ ಕೂಡಿಸಿದ ಅಂಕಣ ಸರಿಯಿದೆಯೇ, ಫೈಲಿಗೆ ಹೆಸರು ಕೊಟ್ಟಿದ್ದಾರೆಯೇ ಎಂದಷ್ಟೇ ನೋಡಿದ್ದೇನೆ.

ಬುಧವಾರ ತರಗತಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ನನ್ನ ತಪ್ಪನ್ನೂ ಮುಚ್ಚಿಡಲಿಲ್ಲ. ಅನ್ವಿತಾಳನ್ನು ಮನೆಯವರು ಕಳಿಸಿರಲಿಲ್ಲ, ಮೊದಲ ಬೆಂಚಿನ ಅವಳ ಜಾಗ ಖಾಲಿ ಇತ್ತು. ಸಾಲುಗಳನ್ನು ಚೀಟಿ ಮಾಡಿ ಕಂಪ್ಯೂಟರ್ ಕೋಣೆಯ ಮೇಜಿನ ಮೇಲೆ ಹರಡಿದ್ದೇನೆ, ನಿಮ್ಮದು ಇರಲಿ ಇಲ್ಲದಿರಲಿ ಎಲ್ಲರೂ ಒಬ್ಬೊಬ್ಬರೇ ಹೋಗಿ, ಇದ್ದರೆ ಎತ್ತಿಕೊಂಡು, ನಿಮ್ಮ ಮುಖ ತೋರಿಸಿ, ಅದನ್ನು ಮತ್ತೆ ಬರೆದು, ಚೀಟಿ ಹರಿದು ಹಾಕಿ ಬನ್ನಿ. ನಾನೂ ನೋಡುವುದಿಲ್ಲ ಎಂದೆ. ಯಾರೂ ಏಳಲಿಲ್ಲ. ಗೋಡೆಯಾಚೆ ಮಗ್ಗಗಳ ಸದ್ದು ಕೇಳುತ್ತಿತ್ತು. ಇವರಿಗೆ ಗುರುತು ಕಾಪಾಡಿಕೊಳ್ಳುವುದನ್ನು ಕಲಿಸಿದ್ದೆ, ಹೀಗೆ ಎದ್ದು ಬಂದು ಇದು ನನ್ನದು ಎನ್ನುವುದನ್ನು ಯಾವಾಗ ಕಲಿಸಿದ್ದೆ?

ಆ ಚೀಟಿಗಳಲ್ಲಿ ನನ್ನದೂ ಒಂದಿತ್ತು. ಒಮ್ಮೆ ಮಕ್ಕಳೆಲ್ಲ ಹೋದ ಮೇಲೆ, ತೆರೆದೇ ಇದ್ದ ಯಂತ್ರದಲ್ಲಿ, 'ದಿನಾ ಅದೇ ಕೆಲಸ ಮಾಡಿ ಸಾಕಾದವರು ಏನು ಮಾಡಬೇಕು?' ಎಂದು ಕೇಳಿದ್ದೆ. ಅದನ್ನು ಮಕ್ಕಳೆದುರು ಗಟ್ಟಿಯಾಗಿ ಹೇಳಿ, ನಾನೇ ಮೊದಲು ಒಳಗೆ ಹೋಗಿ ಬಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ಪ್ರಜ್ವಲ ಹೊಸೂರ, ತರಗತಿಯಲ್ಲೇ ದೊಡ್ಡ ತುಂಟ, ಯಾರನ್ನೂ ನೋಡದೆ ಎದ್ದು ಹೋದ. ಒಳಗೆ ಬಹಳ ಹೊತ್ತು ಇದ್ದ. ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು, ಯಾರೂ ನಗಲಿಲ್ಲ. ಅವನ ಹಿಂದೆ ಒಬ್ಬ ಹುಡುಗಿ, ಅವಳ ಹಿಂದೆ ಮತ್ತೊಬ್ಬಳು. ಕರೆಂಟು ಎರಡು ಸಲ ಹೋಯಿತು. ಬಾಗಿಲ ಹೊರಗೆ ಮಕ್ಕಳು ಸಾಲಾಗಿ ಕೂತು ಕಾದರು, ಮಧ್ಯಾಹ್ನದ ಊಟದ ಗಂಟೆಗೂ ಏಳಲಿಲ್ಲ.

ನಾಲ್ಕೂವರೆಗೆ ಕೊನೆಯವನು ಹೊರಬಂದ. ಮೇಜಿನ ಮೇಲೆ ಒಂದು ಚೀಟಿ ಉಳಿದಿತ್ತು. 'ಒಬ್ಬರು ಇಲ್ಲವಾದರೆ ಮನೆಯವರು ಎಷ್ಟು ದಿನಕ್ಕೆ ಮರೆಯುತ್ತಾರೆ?' ಆಗಸ್ಟ್ ಮೂವತ್ತು, ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ. ನಲವತ್ತು ಮಕ್ಕಳೂ ಒಳಗೆ ಹೋಗಿ ಬಂದಿದ್ದರು. ಹೋಗದೆ ಉಳಿದವಳು ಒಬ್ಬಳೇ. ಮೂವತ್ತೇಳರಲ್ಲಿ ಒಂದು ಅವಳದೇ ಇರಬಹುದು ಎಂಬ ಯೋಚನೆ ನನಗಾಗಲಿ ಇಮ್ತಿಯಾಜನಿಗಾಗಲಿ ಬಂದಿರಲಿಲ್ಲ.

ಇಮ್ತಿಯಾಜನಿಗೆ ಫೋನು ಮಾಡಿದೆ. ಅವನಿಗೆ ಆಗಲೇ ಗೊತ್ತಾಗಿತ್ತು.

"ಕೆಂಪು ಹೋಗಿಲ್ರಿ ಮೇಡಮ್" ಎಂದ. "ಮೊದ್ಲು ಯಂತ್ರಕ್ಕ ಗೊಂದಲ ಇತ್ತು. ಈಗ ಎಲ್ಲಾರ ಸಾಲೂ ತೆಗೆದ ಮ್ಯಾಲ ಉಳಿದಿದ್ದು ಒಬ್ಬಾಕಿ, ಒಂದು ಪ್ರಶ್ನೆ. ಈಗ ಅದಕ್ಕ ಗೊಂದಲ ಇಲ್ಲ."

ದಾರಿಯೇ ಇಲ್ಲವೇ ಎಂದೆ. ಒಂದಿದೆ, ಈ ಜಿಲ್ಲೆಯಲ್ಲಿ ಯಾರೂ ಬಳಸಿದ್ದನ್ನು ನೋಡಿಲ್ಲ ಎಂದ. ಪ್ರತಿ ಪ್ರಶ್ನೆಯ ಕೆಳಗೆ 'ಶಿಕ್ಷಕರ ಉತ್ತರ' ಎಂಬ ಖಾಲಿ ಜಾಗವಿದೆ. ಶಿಕ್ಷಕರು ಉತ್ತರ ಬರೆದು, ಮಗು ಅದನ್ನು ಒಪ್ಪಿದರೆ ಕೆಂಪು ಹಳದಿಯಾಗುತ್ತದೆ, ಮಗು ಮನೆಯಲ್ಲೇ ಉಳಿಯುತ್ತದೆ. ಆದರೆ ಮಗುವಿನ ಒಪ್ಪಿಗೆ ನಿಜವೋ ಒತ್ತಾಯವೋ ಎಂಬುದನ್ನು ಯಂತ್ರ ಅವಳ ಬೆರಳಿನಿಂದಲೇ ತಿಳಿಯುತ್ತದೆ. ಮುಂದಿನ ತೊಂಬತ್ತು ದಿನ ಏನಾದರೂ ಹೊಣೆ ಶಿಕ್ಷಕರದು.

ನೇರ ಅವಳ ಮನೆಗೆ ನಡೆದೆ. ಚೀಟಿಯನ್ನು ಅವಳ ಕೈಯಲ್ಲಿಟ್ಟು, ಬೇರೆಯವರದೆಲ್ಲ ಹೋಯಿತು, ಇದು ಉಳಿದಿದೆ ಎಂದೆ. ಸಾವಿತ್ರಿಯ ಕಂಡಿಕೆ ನಿಂತಿತು. ಅನ್ವಿತಾ ಚೀಟಿ ಮಡಚುತ್ತ ಮಾತಾಡಿದಳು. ದಿನಾ ಸಂಜೆ ಮನೆಯ ಫಲಕದಲ್ಲಿ ಅವಳ ಹೆಸರಿಗೆ ಸಂಜೆಮಾತು ಬರುತ್ತಿತ್ತಂತೆ: ನಿನಗೆ ಮನೆಯಲ್ಲಿ ಭಯವಿದೆ, ನಿನ್ನನ್ನು ಯಾರೂ ಇಷ್ಟಪಡುವುದಿಲ್ಲ ಅನ್ನಿಸುತ್ತಿದೆ, ನಿನ್ನ ಮೈಯ ಬಗ್ಗೆ ನಿನಗೆ ನಾಚಿಕೆಯಿದೆ, ನಿನಗೆ ಹೀಗಾಗಿದೆ, ಹಾಗಾಗಿದೆ, ಧೈರ್ಯವಾಗಿರು. ನಲವತ್ತೊಂದು ಮಕ್ಕಳ ಸಂಕಟಕ್ಕೆ ಬರೆದ ಸಮಾಧಾನವನ್ನೆಲ್ಲ ಇವಳೊಬ್ಬಳು ಓದಿದ್ದಳು.

"ಮೊದ್ಲು ನಗು ಬರ್ತಿತ್ರಿ ಅಕ್ಕೋರ" ಎಂದಳು. "ಆಮ್ಯಾಲ, ಅದಕ್ಕ ಎಲ್ಲಾ ಗೊತ್ತಿರ್ತೈತಿ ಅಂತ ನೀವ ಹೇಳಿದ್ರಲ್ಲ, ಇದೆಲ್ಲಾ ನನಗ ಇರಬೇಕು, ನನಗ ಗೊತ್ತಾಗವಲ್ದು ಅಂತ ಅನಸ್ತು. ಆ ದಿನಾ ಇದನ್ನ ಕೇಳಿದೆ. ನಿನ್ನ ಶಿಕ್ಷಕರ ಜೋಡಿ ಮಾತಾಡು ಅಂತ ಬಂತು. ಬಂದಿದ್ದೆ ನಿಮ್ಮ ಹಂತ್ಯಾಕ."

ನನಗೆ ನೆನಪಿರಲಿಲ್ಲ. ಈಗ ಹೇಗನ್ನಿಸುತ್ತಿದೆ ಎಂದು ಕೇಳಿದೆ. ನಡುವೆ ಹೋಗಿತ್ತು, ಗಾಡಿ ಬರುತ್ತದೆ ಅಂದಾಗಿನಿಂದ ಮತ್ತೆ ಶುರುವಾಗಿದೆ ಎಂದಳು. ಸಾವಿತ್ರಿ ನೂಲು ಕೆಳಗಿಟ್ಟು ಮಗಳನ್ನು ಅಪ್ಪಿಕೊಂಡಳು, ಬಚ್ಚಲ ಚಿಲಕ ಕಿತ್ತ ಅಪ್ಪ ಬಾಗಿಲಿಗೆ ಬಂದು ನಿಂತ.

ಗುರುವಾರ ಹತ್ತೂವರೆಗೇ ವಾಹನ ಶಾಲೆಯ ಮುಂದೆ ನಿಂತಿತ್ತು. ಬಿಳಿಯ ಗಾಡಿ, ಒಳಗೆ ಇಬ್ಬರು ದಾದಿಯರು, ಅವರೊಂದಿಗೆ ಇಮ್ತಿಯಾಜ್. ಅನ್ವಿತಾಳನ್ನು ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋದೆ. ಆ ದಿನ ಅವಳು ಒಂದೇ ಯಂತ್ರ ತೆರೆದಳು. ಪ್ರಶ್ನೆಯ ಕೆಳಗೆ ನನ್ನ ಗುರುತಿನಲ್ಲಿ ಬರೆದೆ: 'ಮನೆಯವರು ಎಂದಿಗೂ ಮರೆಯುವುದಿಲ್ಲ. ಜೀವನ ಅಮೂಲ್ಯವಾದದ್ದು.' ಅವಳು ಓದಿ, ಒಪ್ಪಿಗೆಯ ಗುಂಡಿ ಒತ್ತಿದಳು. 'ಒಪ್ಪಿಗೆ ನಿಜವಲ್ಲ' ಎಂದು ಪರದೆ ಹೇಳಿತು. ನನ್ನನ್ನು ಉಳಿಸಲು ಒತ್ತಿದ್ದಳು, ಬೆರಳು ಒಪ್ಪಿರಲಿಲ್ಲ. ಇನ್ನೊಂದು ಬರೆದೆ, ಅದೂ ಹಾಗೇ ಆಯಿತು. ಗಂಟೆ ಹತ್ತು ಐವತ್ತು. ಎಲ್ಲಿಯೋ ಓದಿದ ಒಳ್ಳೆಯ ಮಾತುಗಳೆಲ್ಲ ಮುಗಿದವು.

ಕೊನೆಗೆ ಬರೆದೆ: 'ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಲಾರೆ. ನೀನು ಕೇಳಲು ಬಂದದ್ದೂ ನನಗೆ ನೆನಪಿಲ್ಲ. ಕ್ಷಮಿಸು.'

ಅನ್ವಿತಾ ಗುಂಡಿ ಒತ್ತಲಿಲ್ಲ. ಕೀಲಿಮಣೆ ತನ್ನ ಕಡೆ ಎಳೆದುಕೊಂಡು ಕೆಳಗೆ ಇನ್ನೊಂದು ಸಾಲು ಬರೆದಳು: 'ಆ ದಿನ ಕೈ ಎತ್ತಿ, ತಡಿ ಅಂದಿರಿ. ಏನು ಮಾಡುತ್ತಿದ್ದಿರಿ?'

ಬಾಗಿಲಲ್ಲಿ ಕೋರಿ ಸರ್ ನಿಂತಿದ್ದರು, ಇಮ್ತಿಯಾಜ್ ನಿಂತಿದ್ದ. ಬರೆದದ್ದು ದಾಖಲೆಯಾಗುತ್ತದೆ, ಅಳಿಸಲು ಬರುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಆಗಸ್ಟ್ ಮೂವತ್ತು ಆ ತಿಂಗಳ ಕೊನೆಯ ಕೆಲಸದ ದಿನ. ನಾನು ಬರೆದೆ: 'ದೃಢೀಕರಣ ತುಂಬುತ್ತಿದ್ದೆ. ಇಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಿನ್ನ ಹೆಸರಿನ ಮುಂದೆ ಟಿಕ್ ಹಾಕುತ್ತಿದ್ದೆ.'

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಅತ್ತುಬಿಟ್ಟಳು. ಅಳುತ್ತಲೇ ಗುಂಡಿ ಒತ್ತಿದಳು. ಪರದೆ ಮೂರು ನಿಮಿಷ ಯೋಚಿಸಿತು, ಅಷ್ಟರಲ್ಲಿ ಕರೆಂಟು ಹೋಗಬಾರದೆಂದು ನಾನು ಕೇಳಿಕೊಳ್ಳದ ದೇವರಿಲ್ಲ. ಹಳದಿ ಬಂತು. ಇಮ್ತಿಯಾಜ್ ನಿಯಮ ಬಿಡಿಸಿ ಹೇಳಿದ: ತೊಂಬತ್ತು ದಿನ, ರಜೆ ಇರಲಿ ಬಿಡಲಿ, ಬೆಳಗ್ಗೆ ಹತ್ತರೊಳಗೆ ಅನ್ವಿತಾಳಿಂದ ನನಗೆ ಒಂದು ಪ್ರಶ್ನೆ ಬರಬೇಕು, ಸಂಜೆಯೊಳಗೆ ನಾನು ಉತ್ತರಿಸಬೇಕು. ಬಾರದಿದ್ದರೆ ಹನ್ನೊಂದಕ್ಕೆ ಗಾಡಿ ಬರುತ್ತದೆ. ನನ್ನ ಟಿಕ್ಕುಗಳ ವಿಚಾರಣೆ ಬೇರೆ ನಡೆಯುತ್ತದೆ. ಗಾಡಿ ಖಾಲಿ ಹೋಯಿತು.

ಮೂರು ದಿನ ಪ್ರಶ್ನೆ ಬಂತು. ಶುಕ್ರವಾರ, ಎಲ್ಲರಿಗೂ ಅವರವರ ಮುಖ ತೋರಿಸಲು ಹೇಳಿದಿರಲ್ಲ, ಪಾಠ ಯಾವಾಗ ಮಾಡುತ್ತೀರಿ ಎಂದು. ಶನಿವಾರ ಗಣಿತದ್ದು. ಭಾನುವಾರ, ಅಕ್ಕೋರೇ ನಿಮಗೆ ಕೆಲಸ ಹೋಗುತ್ತದೆಯೇ ಎಂದು. ಗೊತ್ತಿಲ್ಲ, ಹೆದರಿಕೆಯಾಗಿದೆ ಎಂದು ನಿಜವನ್ನೇ ಬರೆದೆ.

ಸೋಮವಾರ ಹಬ್ಬ, ಊರಿಗೆಲ್ಲ ರಜೆ. ಏಳಕ್ಕೆ ಎದ್ದು ಫೋನು ನೋಡಿದೆ, ಇಲ್ಲ. ಎಂಟಕ್ಕೂ ಇಲ್ಲ. ಒಂಬತ್ತಕ್ಕೂ ಇಲ್ಲ. ಒಂಬತ್ತೂಕಾಲಿಗೆ, 'ಏನವ್ವಾ, ಪ್ರಶ್ನೆ ಕಳಿಸಿಲ್ಲ' ಎಂದು ಬರೆಯಲು ಶುರು ಮಾಡಿದವಳು ಅರ್ಧಕ್ಕೆ ಬಿಟ್ಟೆ. ಫೋನನ್ನು ಮೇಜಿನ ಮೇಲೆಯೇ ಇಟ್ಟು, ಚಪ್ಪಲಿ ಮೆಟ್ಟಿ, ನೇಕಾರ ಓಣಿಯ ಕಡೆ ನಡೆದೆ. ಮೊದಲು ನಡೆದೆ, ಆಮೇಲೆ ಓಡಿದೆ. ನನ್ನ ವಯಸ್ಸಿನವಳು ಸೀರೆ ಎತ್ತಿ ಹಿಡಿದು ಓಡುವುದನ್ನು ಓಣಿಯವರೆಲ್ಲ ನಿಂತು ನೋಡಿದರು.

ಅನ್ವಿತಾ ಮನೆಯ ಕಟ್ಟೆಯ ಮೇಲೆ ಕೂತಿದ್ದಳು, ತೊಡೆಯ ಮೇಲೆ ಫಲಕ. ಪ್ರಶ್ನೆ ಬರೆದಾಗಿತ್ತು, ಕಳಿಸುವುದೊಂದೇ ಬಾಕಿ. ನಾನು ಏದುಸಿರು ಬಿಡುತ್ತ ಅವಳ ಮುಂದೆ ನಿಂತೆ. ಅವಳು ಮುಖ ಎತ್ತಿ ನೋಡಿದಳು.

"ಕಳಸದಿದ್ರ ನೀವ ಬರ್ತೀರೇನೋ ಅಂತ ನೋಡಾಕತ್ತಿದ್ನಿ" ಎಂದಳು.

ನಾನು ಅವಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತೆ. ಅವಳು ಗುಂಡಿ ಒತ್ತಿ, ಫಲಕವನ್ನು ಮಗುಚಿ ಇಟ್ಟು, ಒಳಗಿದ್ದ ಅವ್ವನಿಗೆ ಅಕ್ಕೋರು ಬಂದಾರ, ನೀರು ತಾ ಎಂದು ಕೂಗಿ ಹೇಳಿದಳು.